ಆನೆಗಾಡಿಯ ಎಡಹಿಂದಿನ ಗಾಲಿ

ನಮ್ಮೂರಿನಲ್ಲಿ ಚಹಾವನ್ನು ಅರ್ಧ ಲೋಟದ ಮೇಲೆ ಯಾರೂ ಹಾಕುವುದಿಲ್ಲ. ಹೊರಗಿನಿಂದ ಬಂದವರು ಇದನ್ನು ಜಿಪುಣತನ ಅಂದುಕೊಳ್ಳುತ್ತಾರೆ. ಪೂರ್ತಿ ತುಂಬಿ ಕೊಟ್ಟರೆ ಆ ಮೇಲಿನ ಅರ್ಧವನ್ನು ನೆಲ ಕುಡಿಯುತ್ತದೆ. ನಮ್ಮಲ್ಲಿ ಒಮ್ಮೆ ಹತ್ತಿದ ನಡುಕ ಇಳಿಯುವುದಿಲ್ಲ, ಅಷ್ಟೇ. ಕಲ್ಲುಬಯಲು ದಾಟುವ ಆನೆಗಾಡಿಯಲ್ಲಿ ಕೂತು ಬಂದರೆ ಅದರ ಗಾಲಿಯ ನಡುಕ ಮೈಗೆ ಬರುತ್ತದೆ, ಬಂದದ್ದು ಬೆರಳ ತುದಿಯವರೆಗೂ ಮನೆ ಮಾಡಿಕೊಳ್ಳುತ್ತದೆ. ಹುಟ್ಟಿದ ಕೂಸುಗಳನ್ನೆಲ್ಲ ಜವಳ ತೆಗೆಸಲು ಬಯಲಿನ ಆಚೆಯ ಗುಡಿಗೆ ಒಯ್ಯುವುದು ಪದ್ಧತಿ. ಹಾಗಾಗಿ ನಡುಗದ ಕೈ ಊರಲ್ಲಿ ಹುಡುಕಿದರೂ ಸಿಗುವುದಿಲ್ಲ. ಕ್ಷೌರದ ಅಂಗಡಿಯಲ್ಲಿ ಕತ್ತಿ ಇಟ್ಟಿಲ್ಲ, ಕತ್ತರಿ ಮಾತ್ರ, ಗಂಡಸರೆಲ್ಲ ಗಡ್ಡದವರು. ಮದುವೆಯಲ್ಲಿ ತಾಳಿ ಕಟ್ಟುವಾಗ ವರನ ಮೊಣಕೈಯನ್ನು ಇಬ್ಬರು ಹಿಡಿದುಕೊಳ್ಳಬೇಕು, ಆ ಹಿಡಿದವರ ಕೈಯೂ ನಡುಗುವುದರಿಂದ ಮೂರನೆಯ ಗಂಟು ಬೀಳುವಷ್ಟರಲ್ಲಿ ಪಂಕ್ತಿಯಲ್ಲಿ ಕೂತವರು ಹುಗ್ಗಿ ಮುಗಿಸಿ ಎದ್ದಿರುತ್ತಾರೆ. ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ಬಿಸಿಲಿನ ಬಗ್ಗೆ ಯಾರು ಮಾತಾಡುತ್ತಾರೆ?

ನಾನು ಯಮನೂರ. ಗಾಡಿ ನಿಲ್ಲುವ ಅಡ್ಡೆಯ ಪಕ್ಕದ ಪಂಕ್ಚರ್ ಅಂಗಡಿ ನನ್ನದು. ಶಾಲೆಯಲ್ಲಿ ನನ್ನ ಅಕ್ಷರಗಳು ನಡುಗಿದವೆಂದು ಮಾಸ್ತರರು ಬೆನ್ನಿಗೆ ಬೀಸಿದ ಬೆತ್ತ, ಅವರ ಕೈಯೇ ನಡುಗಿ, ಕಿವಿಗೆ ಬಿತ್ತು. "ನಿಮ್ಮ ಕೈ ಯಾರು ತಿದ್ದಬೇಕ್ರಿ?" ಎಂದು ಕೇಳಿ ಪಾಟೀಚೀಲ ಅಲ್ಲೇ ಒಗೆದು ಬಂದವನು ಮತ್ತೆ ಆ ಕಡೆ ಹಾಯಲಿಲ್ಲ. ನನ್ನನ್ನು ಸಿಟ್ಟಿನವನು ಅನ್ನುತ್ತಾರೆ. ಸಿಟ್ಟು ಬರಬೇಕಾದ ಊರಲ್ಲಿ ಸಿಟ್ಟು ಬಾರದೆ ತಣ್ಣಗೆ ಕೂತವರನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು.

ಮನೆಯಲ್ಲಿ ನಾನು, ನಮ್ಮವ್ವ ಇಬ್ಬರೇ. ಅವ್ವನ ಹೆಸರು ಸಾವಂತ್ರೆವ್ವ. ಅವಳ ಎಡಗಣ್ಣು ಮೊದಲೇ ಹೋಗಿತ್ತು. ಬಲಗಣ್ಣಿನಲ್ಲೂ ಕಪ್ಪು ಪರದೆ ಇಳಿಯುತ್ತಿದೆ ಅಂದಾಗ ಬಯಲಿನ ಆಚೆಯ ದೊಡ್ಡ ಆಸ್ಪತ್ರೆಗೆ ಒಯ್ದೆ. ಡಾಕ್ಟರಮ್ಮ ಕಣ್ಣಿನೊಳಗೆ ಕಿತ್ತುಬಂದಿದ್ದ ಪರದೆಯನ್ನು ಅಂಟಿಸಿದರು. ಅವ್ವನಿಗೆ ಕಾಣಿಸಿತು. ಆಮೇಲೆ ಡಾಕ್ಟರಮ್ಮ ನನ್ನನ್ನು ಬದಿಗೆ ಕರೆದರು. "ಗಾಡಿ ಗುಂಡಿಗೆ ಬಿದ್ದು ಒಮ್ಮೆ ಕುಕ್ಕಿದರೆ ಈ ಕಣ್ಣು ತಡೆಯುತ್ತದೆ. ಆದರೆ ನಿಮ್ಮೂರಿನವರಿಗೆ ಇರುತ್ತದಲ್ಲ, ಬಿಡದೆ ಅಲುಗುವುದು, ಅದು ಹತ್ತಿದರೆ ಪರದೆ ಮತ್ತೆ ಬಿಚ್ಚುತ್ತದೆ. ಎರಡನೆಯ ಸಲ ನಾನು ಅಂಟಿಸಲಾರೆ."

ಬಯಲಿನ ಆಚೆ ಕೆಲವು ದಿನ ಇದ್ದರೆ ನಡುಕ ತಾನಾಗಿ ಬಿಟ್ಟುಹೋಗುತ್ತದೆ. ಅವ್ವನಿಗೂ ಬಿಟ್ಟಿತ್ತು. ಊರಿಗೆ ಬರಲು ಆನೆಗಾಡಿ ಹತ್ತಿದಳೋ, ಮತ್ತೆ ನಡುಕ ಹತ್ತುತ್ತದೆ, ಮತ್ತು ಊರಲ್ಲಿ ಅದು ಇಳಿಯುವುದಿಲ್ಲ. ಅಂದರೆ ಅವಳಿಗೆ ಕಣ್ಣು ಬೇಕಾದರೆ ಮನೆ ಇಲ್ಲ, ಮನೆ ಬೇಕಾದರೆ ಕಣ್ಣಿಲ್ಲ. ಬಯಲನ್ನು ನಡೆದು ದಾಟಿಸೋಣವೆಂದರೆ ಅದು ಬರೀ ಕಲ್ಲು, ಒಂದೊಂದರ ಅಂಚು ಒಡೆದ ಗಾಜಿನಂತೆ. ಒಂದು ಹನಿ ನೀರಿಲ್ಲ. ಡೋಲಿ ಹೊತ್ತ ನಾಲ್ವರು ಆ ಕಲ್ಲಿನಲ್ಲಿ ಎಡವಿದರೆ ಡೋಲಿಯಲ್ಲಿದ್ದವರ ಕಥೆ ಮುಗಿಯಿತು.

ಅವ್ವ ಆಸ್ಪತ್ರೆಯ ಹಿಂದಿನ ಛತ್ರದಲ್ಲಿ ಉಳಿದಳು. ರೋಗಿಗಳ ಊಟಕ್ಕೆ ತರಕಾರಿ ಹೆಚ್ಚಿ ಕೊಡುತ್ತಿದ್ದಳು, ಛತ್ರದವರು ಚಾಪೆ, ಎರಡು ಹೊತ್ತಿನ ಅನ್ನ ಕೊಡುತ್ತಿದ್ದರು. ನಾನು ನೋಡಲು ಹೋದಾಗ ಬದನೆಕಾಯಿ ಹೆಚ್ಚುತ್ತಿದ್ದಳು. ಆ ಕೈಯನ್ನೇ ನೋಡುತ್ತ ನಿಂತೆ. ಹುಟ್ಟಿದಾಗಿನಿಂದ ನಾನು ನೋಡಿದ ಅವ್ವನ ಕೈ ಗಾಳಿಗೆ ಸಿಕ್ಕ ಎಲೆಯಂತಿತ್ತು. ಈಗ ಅದು ಬೇರೆ ಯಾರದೋ ಕೈ. ಹೋಳುಗಳೆಲ್ಲ ಒಂದೇ ಗಾತ್ರ.

"ನಿನಗ ಮೂಗಿನ ಮ್ಯಾಲ ಮಚ್ಚಿ ಐತೇನೋ?" ಅಂದಳು ಅವ್ವ.

"ಹುಟ್ಟಿದಾಗಿಂದ ಐತಿ."

"ನಂಗ ಕಂಡಿದ್ದಿಲ್ಲ." ಆಮೇಲೆ ಮನೆಯ ವಿಷಯ ಕೇಳಿದಳು. ಹಿತ್ತಲಲ್ಲಿ ನುಗ್ಗೆ ಹೂ ಬಿಟ್ಟಿದೆಯೇ, ಪಕ್ಕದವಳು ಒಯ್ದ ಒನಕೆ ತಂದುಕೊಟ್ಟಳೇ, ಬಾಗಿಲಿಗೆ ಬಣ್ಣ ಯಾವುದು. ನಮ್ಮ ಬಾಗಿಲಿಗೆ ಬಣ್ಣವೇ ಇಲ್ಲ. ನಡುಕದಲ್ಲಿ ಅಲುಗುತ್ತಿದ್ದ ಕಣ್ಣಿಗೆ ಅದೂ ಸರಿಯಾಗಿ ಕಂಡಿರಲಿಲ್ಲ. "ಬಿಡು, ಇಲ್ಲೇ ಇರ್ತೀನಿ. ಯಾವಾಗರ ನೀನ ಬಾ" ಅಂದು ಮುಖ ತಿರುಗಿಸಿ ಹೆಚ್ಚತೊಡಗಿದಳು. ಇನ್ನೊಬ್ಬರ ಅಡಿಗೆಮನೆಯಲ್ಲಿ ಚಾಪೆಯ ಮೇಲೆ ಅವಳ ಆಯುಷ್ಯ ಮುಗಿಯಬೇಕು ಎನ್ನುವುದು ನನ್ನ ತಲೆಗೆ ಒಗ್ಗಲಿಲ್ಲ. ಗಾಡಿ ಹತ್ತುವ ತನಕ ದಾರಿಯ ಡಬ್ಬಿ, ತೆಂಗಿನ ಚಿಪ್ಪು, ಸಿಕ್ಕಿದ್ದನ್ನೆಲ್ಲ ಒದೆಯುತ್ತ ಬಂದೆ.

ಆನೆಗಾಡಿಯ ಬಗ್ಗೆ ಹೇಳಬೇಕು. ಗಾತ್ರಕ್ಕೆ ಆ ಹೆಸರು, ಓಡುವುದು ಎಂಜಿನ್ನಿನ ಮೇಲೆ. ನಾಲ್ಕು ಗಾಲಿ, ಒಂದೊಂದು ನನ್ನ ಎದೆಯ ಎತ್ತರ, ಟಾಯರಿನ ಮೈಮೇಲೆ ಮೊಸಳೆಯ ಬೆನ್ನಿನಂಥ ಗಟ್ಟಿಗಳು. ಕಲ್ಲುಬಯಲಿಗೆ ಬೇರೆ ಯಾವ ಗಾಡಿಯೂ ಇಳಿಯುವುದಿಲ್ಲ. ಓಡಿಸುವವನು ಫಕೀರಪ್ಪ ಕಾಕಾ. ಗಾಡಿ ನಡುಗುವುದು ಕೂತ ಮಂದಿಯ ತೂಕ ಹೊಂದದೆ ಇರುವುದರಿಂದ ಅಂತ ಊರಿನ ನಂಬಿಕೆ. ಅದಕ್ಕೆ ಕಾಕಾ ಪ್ರತಿ ಸಲವೂ ಮಂದಿಯನ್ನು ಕಣ್ಣಳತೆಯಲ್ಲಿ ತೂಗಿ ಕೂರಿಸುತ್ತಿದ್ದ. "ನೀ ಸೋಮಾರ ಒಪ್ಪತ್ತು ಮಾಡಾಕಿ, ಹಗರ ಆಗಿರ್ತಿ, ಬಲಕ ಬಾ. ಏ ಬಸರಿ ಹೆಣಮಗಳ, ನೀ ಇಬ್ಬರ ಲೆಕ್ಕ, ನಡುವ ಕುಂಡ್ರು." ಗಂಡ ಹೆಂಡತಿ ಒಟ್ಟಿಗೆ ಕೂತದ್ದಿಲ್ಲ. ಎಡಹಿಂದಿನ ಗಾಲಿಯ ಮೇಲಿನ ಜಾಗ ಮಾತ್ರ ಖಾಯಂ. ಅದು ಅಡಿವೆಪ್ಪನದು. ಆ ಗಾಲಿಗೆ ಭಾರ ಸಾಲದೆಂದು ಅವನ ಅಜ್ಜನನ್ನು ಕೂರಿಸಿದರಂತೆ, ಆಮೇಲೆ ಅಪ್ಪನನ್ನು, ಈಗ ಇವನನ್ನು. ಊರಿನವರು ಸರದಿಯ ಮೇಲೆ ಅವರ ಮನೆಗೆ ಬೆಣ್ಣೆ, ಬೆಲ್ಲ, ಶೇಂಗಾ ಕಳಿಸುತ್ತಾರೆ. ಆ ಮನೆಯಲ್ಲಿ ಗಂಡು ಹುಟ್ಟಿದರೆ ಓಣಿಯವರೆಲ್ಲ ಬಂದು ತೊಡೆ ಮುಟ್ಟಿ ನೋಡಿ ಸಮಾಧಾನಪಡುತ್ತಾರೆ. ಅಡಿವೆಪ್ಪ ಬಂದು ಕೂತನೆಂದರೆ ಗಾಡಿಯ ಹಲಗೆ ನಿಟ್ಟುಸಿರು ಬಿಡುತ್ತಿತ್ತು. ಅವನು ಹುಟ್ಟಿ ಮಾಡಿದ ಕೆಲಸ ಅದೊಂದೇ.

ಆ ದಿನ ವಾಪಸು ಬರುವಾಗ ನಾನು ಹಿಂದಿನ ಹಲಗೆಯಲ್ಲಿ ಯಾರ ಮುಖವನ್ನೂ ನೋಡದೆ ಗಾಲಿಯ ಕಡೆ ಬಗ್ಗಿ ಕೂತಿದ್ದೆ. ಆಯುಧಪೂಜೆಯಲ್ಲಿ ಹಚ್ಚಿದ ಸುಣ್ಣದ ಬೊಟ್ಟು ಎಡಹಿಂದಿನ ಗಾಲಿಯ ಮೇಲೆ ಒಂದಿಷ್ಟು ಉಳಿದಿತ್ತು. ಬೊಟ್ಟು ಮೇಲೆ ಬಂತು, ಹಲಗೆ ನಡುಗಿತು. ಕೆಳಗೆ ಹೋಯಿತು, ಸುಮ್ಮನಾಯಿತು. ಮತ್ತೆ ಮೇಲೆ ಬಂತು, ಮತ್ತೆ ನಡುಗಿತು. ನಾನು ಕಣ್ಣು ಮುಚ್ಚಿ, ನಡುಕ ಬಂದಾಗ ಕಣ್ಣು ತೆರೆದು ನೋಡಿದೆ. ಬೊಟ್ಟು ಮೇಲೇ ಇತ್ತು. ಊರು ಬರುವವರೆಗೂ ಹೀಗೆ ಮುಚ್ಚುತ್ತ ತೆರೆಯುತ್ತ ಬಂದೆ. ಎದುರಿಗೆ ಕೂತಿದ್ದ ಹೆಂಗಸು ತನಗೆ ಕಣ್ಣು ಹೊಡೆಯುತ್ತಿದ್ದೇನೆಂದು ತಿಳಿದು ಸೆರಗು ಎಳೆದುಕೊಂಡಳು.

ಇಳಿದವನೇ ಫಕೀರಪ್ಪನ ಮುಂದೆ ನಿಂತೆ. "ಕಾಕಾ, ಗಾಡಿ ನಡಗೂದು ಮಂದಿಯಿಂದಲ್ಲ. ಗಾಲಿಯಿಂದ."

ಕಾಕಾ ಬೀಡಿಗೆ ಕಡ್ಡಿ ಹಿಡಿಯುತ್ತಿದ್ದ. ಬೀಡಿ ಒಂದು ಕಡೆ, ಕಡ್ಡಿ ಒಂದು ಕಡೆ. ನಮ್ಮೂರಲ್ಲಿ ಅದು ಸಣ್ಣ ಕೆಲಸವಲ್ಲ. "ಗಾಲಿ ಗುಂಡಗ ಐತಿ. ಗುಂಡಗಿರೂದು ಹೆಂಗ ನಡಗತೈತಿ?"

"ಗುಂಡಗಿದ್ರ ಆತೇನು? ಒಂದು ಮಗ್ಗಲಾ ಭಾರ ಐತಿ."

"ಅದಕ್ಕ ಅಡಿವೆಪ್ಪನ್ನ ಕುಂಡ್ರಸೇವಿ."

"ಗಾಲಿ ತಿರಗತೈತಿ, ಅಡಿವೆಪ್ಪ ತಿರಗತಾನೇನು?" ನನ್ನ ಧ್ವನಿ ಏರಿತು. ಮಂದಿ ನಿಂತು ನೋಡಿದರು. ಅಡಿವೆಪ್ಪ ಇನ್ನೂ ಗಾಡಿಯಿಂದ ಇಳಿಯುತ್ತಿದ್ದ. ಅವನು ಇಳಿಯಲು ಹೊತ್ತು ಹಿಡಿಯುತ್ತದೆ. "ನಮ್ಮಜ್ಜ ಕುಂತ ಜಾಗ ತಮ್ಮಾ ಅದು. ನೀ ಹೇಳೂದು ಖರೇ ಇದ್ರ ನಮ್ಮಜ್ಜ ಸುಮ್ನ ಕುಂತಿದ್ನೇನು?"

"ಸುಮ್ನ ಕುಂತು ಊರ ಬೆಣ್ಣಿ ತಿಂದ. ನೀನೂ ತಿನ್ನಾಕತ್ತಿ."

ಅವನು ಸಿಟ್ಟಾಗಲಿಲ್ಲ. ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡು ಮನೆಯ ಕಡೆ ನಡೆದ. ಜಗಳಕ್ಕೆ ಎದುರು ನಿಲ್ಲದವನ ಜೊತೆ ಏನು ಮಾಡುವುದು?

ಗಾಡಿ ನಿಂತಿದ್ದ ದಿನ ನೋಡಿ ಗಾಲಿ ಬಿಚ್ಚಿದೆ. ನಡುವಿನ ತೂತಿಗೆ ಗ್ರೀಸ್ ಹಚ್ಚಿದ ಕಬ್ಬಿಣದ ಪೈಪು ತೂರಿಸಿ, ಪೈಪನ್ನು ಎರಡು ಡ್ರಮ್ಮುಗಳ ಮೇಲೆ ಕೂರಿಸಿ, ಗಾಲಿಯನ್ನು ಮೆಲ್ಲಗೆ ತಿರುಗಿಸಿ ಬಿಟ್ಟೆ. ಅದು ತೂಗಾಡಿ ತೂಗಾಡಿ ನಿಂತಾಗ ಭಾರದ ಮಗ್ಗಲು ಕೆಳಗೆ ಬಂದಿತ್ತು. ಮತ್ತೆ ತಿರುಗಿಸಿದೆ, ಮತ್ತೆ ಅದೇ ಮಗ್ಗಲು ಕೆಳಗೆ. ಒಂದು ಗಾಲಿ ತನ್ನ ಬಗ್ಗೆ ಇಷ್ಟು ನೇರವಾಗಿ ಹೇಳಿಕೊಳ್ಳುವಾಗ ಅಜ್ಜನ ಕಾಲದಿಂದ ಯಾರೂ ಕೇಳಲಿಲ್ಲವಲ್ಲ! ಹಳೆಯ ಬ್ಯಾಟರಿಯ ಸೀಸ ಕರಗಿಸಿ, ಹಗುರ ಮಗ್ಗಲಿನ ರಿಮ್ಮಿಗೆ ಸ್ವಲ್ಪ ಸ್ವಲ್ಪವೇ ಕೂರಿಸುತ್ತ ಹೋದೆ. ಕೊನೆಗೆ ಗಾಲಿ ಎಲ್ಲಿ ಬಿಟ್ಟರೆ ಅಲ್ಲಿ ನಿಂತಿತು, ಹೇಳಿದ ಮಾತು ಕೇಳುವ ಎತ್ತಿನಂತೆ. ನಾಲ್ಕಕ್ಕೂ ಹಾಗೇ ಮಾಡಿದೆ.

ಊರ ಅಂಚಿನ ಮೆತ್ತನೆಯ ಮಣ್ಣಿನಲ್ಲಿ ಗಾಡಿ ನೀರಿನ ಮೇಲೆ ಹೋದಂತೆ ಹೋಯಿತು. ಕಾಕಾ ತಿರುಗಿ ನನ್ನ ಮುಖ ನೋಡಿದ. ಬಯಲಿಗೆ ಇಳಿದು ಅರ್ಧ ತಾಸಾಗಿರಲಿಲ್ಲ, ಕಲ್ಲಿನ ಅಂಚು ಸೀಸವನ್ನು ಕೆತ್ತಿ ಒಗೆಯಿತು, ಟಾಯರಿನ ಗಟ್ಟಿಗಳ ನಡುವೆ ಕಲ್ಲುಗಳು ಸಿಕ್ಕಿಕೊಂಡವು, ಹಗುರ ಇದ್ದದ್ದು ಭಾರ ಆಯಿತು, ಭಾರ ಇದ್ದದ್ದು ಹಗುರ ಆಯಿತು. ಗಾಡಿ ಮೊದಲಿಗಿಂತ ಜೋರಾಗಿ ನಡುಗಿತು. "ಅಡಿವೆಪ್ಪ, ಜರಾ ಬಿಗಿಯಾಗಿ ಕುಂಡ್ರಪಾ" ಅಂದ ಕಾಕಾ. ಎಲ್ಲರೂ ನಕ್ಕರು.

ಟಾಯರಿನ ಗಾಳಿ ಇಳಿಸಿ ನೋಡಿದೆ. ಕಲ್ಲನ್ನು ಮೆತ್ತಗೆ ನುಂಗಿತು, ಕುಕ್ಕುವುದು ಕಡಿಮೆಯಾಯಿತು, ಆದರೆ ನಡುಕ ಇದ್ದಲ್ಲೇ ಇತ್ತು. ಭಾರ ದಾರಿಯುದ್ದಕ್ಕೂ ಜಾಗ ಬದಲಿಸುತ್ತಿದ್ದರೆ ಒಂದೇ ಕಡೆ ಅಂಟಿ ಕೂತ ಸೀಸ ಏನು ಮಾಡೀತು? ತಾನೂ ಜಾಗ ಬದಲಿಸುವಂಥದ್ದು ಏನಾದರೂ ಬೇಕು. ಹಾಗೆ ಯೋಚಿಸುತ್ತ ಕೂತಾಗ ಪಕ್ಕದ ಮನೆಯವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವಳ ಕೈ ಒಂದು ಕಡೆಗೆ ನಡುಗಿದರೆ ಜೋಳ ಇನ್ನೊಂದು ಕಡೆಗೆ ಸರಿದು ಗುಂಪಾಗುತ್ತಿತ್ತು. ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಎದ್ದು ಹೋಗಿ ಮೊರಕ್ಕೆ ಮುಖ ಹತ್ತಿರ ತಂದು ನೋಡಿದೆ.

"ಏನೋ, ಹೊಟ್ಟಿ ಹಸದೈತೇನು?" ಅಂದಳು.

"ನಿನ್ನ ಜ್ವಾಳ ಕೊಡು, ಆಮ್ಯಾಲ ಹೇಳ್ತೀನಿ" ಅಂದೆ.

ಟಾಯರ್ ಬಿಚ್ಚಿ ಒಳಗೆ ಜೋಳ ಸುರಿದು, ಗಾಳಿ ತುಂಬಿ, ಬಯಲಿಗೆ ಬಿಟ್ಟೆವು. ಮೊದಲ ಹರದಾರಿ ಏನೂ ಇಲ್ಲ, ಹಲಗೆ ಸುಮ್ಮನಿತ್ತು. ನನ್ನ ಎದೆ ಉಬ್ಬಿತು. ಆಮೇಲೆ ಮೆಲ್ಲಗೆ, ನಾಚಿಕೊಂಡು ಬಂದ ಹಾಗೆ, ನಡುಕ ವಾಪಸು ಬಂತು. ಊರಿಗೆ ಬಂದು ಬಿಚ್ಚಿದರೆ ನಾಲ್ಕೂ ಗಾಲಿಯಲ್ಲಿ ಹಿಟ್ಟು. ಫಕೀರಪ್ಪ ಬೆರಳಲ್ಲಿ ಉಜ್ಜಿ ನೋಡಿದ. "ಸಣ್ಣಗ ಬಂದೈತಿ. ನಾಳಿ ಗೋದಿ ಹಾಕು." ಜೋಳ ಕೊಟ್ಟವಳು ಆ ಹಿಟ್ಟಿನಲ್ಲಿ ರೊಟ್ಟಿ ಬಡಿದು, ರಬ್ಬರಿನ ವಾಸನೆ ಅಂತ ಇಡೀ ಓಣಿಗೆ ಹಂಚಿ ಹೇಳಿದಳು. ನನ್ನ ಅಂಗಡಿಗೆ ಯಮನೂರನ ಗಿರಣಿ ಅಂತ ಹೆಸರು ಬಿತ್ತು. ಬಿದ್ದರೆ ಬೀಳಲಿ. ಮೊದಲ ಹರದಾರಿಯಲ್ಲಿ ನಡುಕ ಇರಲಿಲ್ಲ, ಅದನ್ನು ಯಾರ ನಗುವೂ ಅಳಿಸಲಾರದು. ಹಿಟ್ಟಾಗದ ಜೋಳ ಸಿಕ್ಕರೆ ಮುಗಿಯಿತು.

ಗುಜರಿ ಅಂಗಡಿಯ ಹಿತ್ತಲಲ್ಲಿ ಸುಟ್ಟುಹೋದ ಬೇರಿಂಗುಗಳ ಗುಡ್ಡೆ ಇತ್ತು. ಸುತ್ತಿಗೆಯಿಂದ ಒಡೆದು, ಒಳಗಿನ ಉಕ್ಕಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದೊಂದು ಗಾಲಿಗೆ ಒಂದೊಂದು ಡಬ್ಬಿ ಸುರಿದೆ. ಈ ಸಲ ಗಾಡಿಯ ನೆಲದ ಮೇಲೆ, ಅಡಿವೆಪ್ಪನ ಎರಡು ಪಾದಗಳ ನಡುವೆ, ಒಂದು ಲೋಟ ನೀರು ತುಂಬಿ ಇಟ್ಟೆ. ಕಂಠದವರೆಗೆ ತುಂಬಿದ ಲೋಟವನ್ನು ನೋಡಿ ಜನ ಮೂಗಿನ ಮೇಲೆ ಬೆರಳಿಟ್ಟರು. ಗಾಡಿ ಹೊರಟಿತು. ಗಾಲಿಗಳೊಳಗೆ ತಗಡಿನ ಮೇಲೆ ಆಲಿಕಲ್ಲು ಬಿದ್ದಂಥ ಸದ್ದು, ಹಲಗೆ ನಡುಗಿ ಲೋಟ ಅರ್ಧ ಚೆಲ್ಲಿತು. ನಾನು ಲೋಟದ ಅವ್ವನನ್ನು, ಅಜ್ಜಿಯನ್ನು, ಅದನ್ನು ಮಾಡಿದ ಕಂಚುಗಾರನನ್ನು ಎಲ್ಲರನ್ನೂ ಬೈದೆ. ಬೈಯುತ್ತಿರುವಾಗಲೇ ಸದ್ದು ನಿಂತಿತು. ಗಾಡಿ ಓಡುತ್ತಿತ್ತು, ಗುಂಡುಗಳು ಮಾತಾಡುತ್ತಿರಲಿಲ್ಲ. ತಂತಮ್ಮ ಜಾಗ ಹುಡುಕಿಕೊಂಡು ಕೂತಿದ್ದವು. ಲೋಟವನ್ನು ಮತ್ತೆ ತುಂಬಿದೆ. ಕಲ್ಲಿನ ಮೇಲೆ ಗಾಡಿ ಏರುತ್ತಿತ್ತು, ಇಳಿಯುತ್ತಿತ್ತು, ದೋಣಿಯಂತೆ ಓಲಾಡುತ್ತಿತ್ತು, ಆದರೆ ನೀರಿನ ಮೈಮೇಲೆ ನಡುಕದ ಒಂದು ಗೆರೆಯೂ ಏಳಲಿಲ್ಲ.

ಅಡಿವೆಪ್ಪ ಕಣ್ಣು ಮುಚ್ಚಿಕೊಂಡಿದ್ದ. "ಯಮನೂರಾ, ನನ್ನ ಕೆಳಗ ಏನೂ ಇಲ್ಲ" ಅಂದ.

"ಏನೂ ಇಲ್ಲಂದ್ರ?"

"ದಿನಾ ಇರ್ತಿತ್ತಲ್ಲ. ಅದು ಇಲ್ಲ." ಬಹಳ ವರ್ಷದ ನೆರೆಮನೆಯವರು ಹೇಳದೆ ಕೇಳದೆ ಊರು ಬಿಟ್ಟುಹೋದ ಹಾಗಿತ್ತು ಅವನ ಮುಖ. ಆ ಕಡೆಯ ಅಂಚಿನಲ್ಲಿ ಕಾಕಾ ಗಾಡಿ ನಿಧಾನ ಮಾಡಿದ. ಗುಂಡುಗಳು ಜಾಗ ಬಿಟ್ಟು ಉದುರಿದವು, ಹಲಗೆ ಹಲ್ಲು ಕಡಿಯಿತು, ಲೋಟ ಉರುಳಿತು.

ಮರುದಿನದಿಂದ ಗಾಡಿಯಲ್ಲಿ ಯಾರೂ ತೂಕ ನೋಡಿ ಕೂರಲಿಲ್ಲ. ಗೆಳತಿಯರು ಒಟ್ಟಿಗೆ ಕೂತರು. ಒಬ್ಬ ಮುದುಕ ತನ್ನ ಹೆಂಡತಿಯ ಪಕ್ಕ ಕೂತು ಏನು ಮಾತಾಡುವುದೆಂದು ತಿಳಿಯದೆ ಕಿಟಕಿಯ ಹೊರಗೆ ನೋಡಿದ. ಎಡಹಿಂದಿನ ಜಾಗದಲ್ಲಿ ಯಾರೋ ಬಾಳೆಗೊನೆ ಇಟ್ಟರು. ಅದನ್ನು ನೋಡಿ ಅಡಿವೆಪ್ಪ ಹತ್ತಲೇ ಇಲ್ಲ, ಬಂದ ದಾರಿಯಲ್ಲಿ ಹಿಂತಿರುಗಿದ. ಆ ವಾರ ಅವನ ಮನೆಗೆ ಬೆಣ್ಣೆ ಹೋಗಲಿಲ್ಲ ಅಂತ ಆಮೇಲೆ ತಿಳಿಯಿತು.

"ಹೊರಡೂವಾಗ ಒಂದಿಷ್ಟು, ನಿಂದ್ರೂವಾಗ ಒಂದಿಷ್ಟು. ಇಷ್ಟಾತಲ್ಲೋ, ಸಾಕು" ಅಂದ ಫಕೀರಪ್ಪ.

"ನಮ್ಮವ್ವನ ಕಣ್ಣಿಗೆ ಸಾಕಾಗಂಗಿಲ್ಲ ಕಾಕಾ. ಆ ಒಂದಿಷ್ಟರಾಗ ಹತ್ತಿದ್ರೂ ಹತ್ತಿದ್ದು ಹತ್ತಿದ್ದ."

ಗುಂಡು ಹೆಚ್ಚು ಹಾಕಿದಂತೆ ಅವು ಬೇಗ ಜಾಗ ಹಿಡಿಯುತ್ತವೆ ಅಂತ ಕಂಡುಕೊಂಡೆ. ಮೊದಲು ಕುದುರೆ ಓಡುವ ವೇಗಕ್ಕೆ ಸುಮ್ಮನಾಗುತ್ತಿದ್ದವು. ಹಾಕುತ್ತ ಹಾಕುತ್ತ, ಮನುಷ್ಯ ದಾಪುಗಾಲು ಹಾಕುವ ವೇಗಕ್ಕೇ ಸುಮ್ಮನಾಗುವ ಹಾಗೆ ಮಾಡಿದೆ. ಅದಕ್ಕಿಂತ ಕೆಳಗೆ ಎಷ್ಟು ಸುರಿದರೂ ಇಳಿಯಲಿಲ್ಲ. ಆಗ ತಲೆಗೆ ಹೊಳೆದದ್ದು ಇಷ್ಟು: ಗಾಡಿ ಹೊರಡುವಾಗ ಅವ್ವ ಅದರಲ್ಲಿ ಇರಬಾರದು, ನಿಲ್ಲುವಾಗಲೂ ಇರಬಾರದು. ಎರಡೂ ಅಂಚಿನಲ್ಲಿ ಮೆತ್ತನೆಯ ಮಣ್ಣಿದೆ. ಅಲ್ಲಿ ಯಾರಾದರೂ ಅವಳನ್ನು ಎತ್ತಿಕೊಂಡು ನಡೆಯುತ್ತ, ಓಡುವ ಗಾಡಿಯ ಮೆಟ್ಟಿಲು ಏರಬೇಕು. ಹಾಗೇ ಇಳಿಯಬೇಕು.

ನಾನೇ ಮಾಡುತ್ತೇನೆಂದು ತುಂಬಿದ ಕೊಡ ಅಪ್ಪಿಕೊಂಡು ಗಾಡಿಯ ಪಕ್ಕ ನಡೆದೆ. ಮೆಟ್ಟಿಲು ಏರುವಷ್ಟರಲ್ಲಿ ನನಗೆ ಸ್ನಾನ ಆಗಿತ್ತು. ಅಡ್ಡೆಯ ಹಮಾಲರು ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರಾಗಿ ತೊಯ್ದರು. ಕೈಯಲ್ಲಿ ನಡುಕ ಇದ್ದವರು ಕೊಡ ಹೇಗೆ ಹಿಡಿದಾರು? ಇಡೀ ಊರಲ್ಲಿ ಬೆರಳ ತುದಿಯಲ್ಲಿ ಮಾತ್ರ ನಡುಕ ಇದ್ದು, ತೋಳು, ಎದೆ, ಹೊಟ್ಟೆ ಗೋಡೆಯಂತೆ ಸುಮ್ಮನಿರುವವನು ಒಬ್ಬನೇ. ನನಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಅವನ ಮನೆಗೆ ಹೋಗಲು ಮಾತ್ರ ಕಾಲು ಏಳುತ್ತಿರಲಿಲ್ಲ.

ಅಡಿವೆಪ್ಪನ ಹೆಂಡತಿ ಗೌರವ್ವ ಬಾಗಿಲಲ್ಲೇ ಹಿಡಿದಳು. "ಬಂದ್ಯಾ? ನನ್ನ ಗಂಡನ್ನ ಎಬ್ಬಿಸಿ ಬಾಳಿಗೊನಿ ಕುಂಡ್ರಿಸಿದಾಂವ ಬಂದ್ಯಾ?"

"ಬಂದೀನಿ ಯಕ್ಕಾ."

"ನೋಡಲ್ಲಿ, ಮುಂಜಾನಿಂದ ಜಗಲಿ ಮ್ಯಾಲ ಕುಂತಾನ. ಜಗಲಿ ಎಲ್ಲಿಗೂ ಹೋಗಂಗಿಲ್ಲ ಅಂತ ಹೇಳಿದ್ರ ಕೇಳವಲ್ಲ."

ಅಡಿವೆಪ್ಪ ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ನಾನು ಕೂರದೆ ನಿಂತೇ ಎಲ್ಲ ಹೇಳಿದೆ. ಅವ್ವನ ಕಣ್ಣು, ಛತ್ರದ ಚಾಪೆ, ಬದನೆಕಾಯಿಯ ಹೋಳು, ಕೊಡದ ನೀರು. ಬೆಣ್ಣೆಯ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕೆಂದಿದ್ದೆ, ತೆಗೆದುಕೊಳ್ಳಲಿಲ್ಲ.

"ನಾ ಕುಂಡ್ರೂದು ಬಿಟ್ಟು ಏನೂ ಮಾಡಿದಾಂವಲ್ಲ" ಅಂದ ಅಡಿವೆಪ್ಪ. "ನಡಕೋತ ಗಾಡಿ ಹತ್ತೂದಂದ್ರ…"

"ಕಲಸ್ತೀನಿ."

"ಕಲೀತೀನಿ. ಒಂದು ಮಾತು. ನೀ ಒದರಬಾರದು. ನೀ ಒದರಿದ್ರ ನನ್ನ ಎದಿ ಡವಡವ ಅಂತೈತಿ. ನಿಮ್ಮವ್ವನ ತಲಿ ನನ್ನ ಎದಿ ಮ್ಯಾಲ ಇರ್ತೈತಿ."

"ಒದರಂಗಿಲ್ಲ."

"ಈಗ ಒದರಾಕತ್ತಿ" ಅಂದಳು ಗೌರವ್ವ ಒಳಗಿನಿಂದ.

ಮೆತ್ತನೆಯ ಮಣ್ಣಿನಲ್ಲಿ ತುಂಬಿದ ಕೊಡ ಹಿಡಿದು ಅವನು ನಡೆದದ್ದನ್ನು ನೋಡಲು ಅರ್ಧ ಊರು ಬಂದಿತ್ತು. ಅವನ ದಪ್ಪ ಪಾದ ನೆಲಕ್ಕೆ ಬೀಳುತ್ತಿರಲಿಲ್ಲ, ನೆಲವನ್ನು ತಡವಿ ಆಮೇಲೆ ಅದರ ಮೇಲೆ ತನ್ನನ್ನು ಇಳಿಸುತ್ತಿತ್ತು. ಚಪ್ಪಲಿ ಇದ್ದರೆ ಮೆಟ್ಟಿಲು ತಿಳಿಯುವುದಿಲ್ಲ ಅಂತ ಬರಿಗಾಲಲ್ಲೇ ನಡೆದ. ಮೊದಲ ದಿನ ಚೆಲ್ಲಿತು, ಎರಡನೆಯ ದಿನವೂ. ಆಮೇಲೆ ಚೆಲ್ಲಲಿಲ್ಲ.

ಅವ್ವನನ್ನು ಕರೆತರುವ ದಿನ ಗಾಡಿಯಲ್ಲಿ ನಾವು ಮೂವರೇ. ಫಕೀರಪ್ಪ ಮುಂದೆ, ಅವನ ಪಕ್ಕ ನಾನು, ಹಿಂದೆ ಅಡಿವೆಪ್ಪ. ಆಸ್ಪತ್ರೆಯವರು ಅವ್ವನಿಗೆ ಕಪ್ಪು ಕನ್ನಡಕ ಹಾಕಿ ಕಳಿಸಿದ್ದರು. ವಿಷಯ ತಿಳಿದು ಅವಳು ಬಯಲಿನ ಅಂಚಿನಲ್ಲೇ ಗಂಟು ಕೆಳಗಿಟ್ಟಳು. "ನನ್ನ ಗಂಡನ ತೊಡಿ ಮ್ಯಾಲೂ ನಾ ಕುಂತಾಕಿ ಅಲ್ಲ. ಈಗ ಈ ವಯಸ್ಸಿನಾಗ ಪರಗಂಡಸಿನ ಮ್ಯಾಲ ಕುಂತು ಊರಿಗೆ ಬರಬೇಕೇನು?"

ನನ್ನ ಬಾಯಿ ತೆರೆಯಿತು. ಅಡಿವೆಪ್ಪ ನನ್ನ ಕಡೆ ನೋಡಿದ. ಬಾಯಿ ಮುಚ್ಚಿದೆ.

"ಯವ್ವಾ, ನಾ ಗಂಡಸಲ್ಲ, ಗಾಡಿ ಸಾಮಾನು" ಅಂದ ಅಡಿವೆಪ್ಪ. "ನಮ್ಮ ಮೂರು ತಲಿ ಈ ಗಾಡಿ ಹಲಗಿ ಆಗೇವಿ. ಹಲಗಿ ಮ್ಯಾಲ ಕುಂಡ್ರಾಕ ಏನು ನಾಚಿಗಿ?"

ಅವ್ವನಿಗೆ ನಗು ಬಂತು. ಅವನು ಅವಳನ್ನು ಕಂಬಳಿ ಸಮೇತ ಅರಳೆಯ ಮೂಟೆಯಂತೆ ಎತ್ತಿಕೊಂಡ. ಕಾಕಾ ಗಾಡಿ ಬಿಟ್ಟ. ಆಲಿಕಲ್ಲಿನ ಸದ್ದು ಕೇಳಿತು, ಅಡಿವೆಪ್ಪ ಪಕ್ಕದಲ್ಲಿ ದಾಪುಗಾಲು ಹಾಕಿದ, ಸದ್ದು ನಿಂತಿತು, ಅವನು ಮೆಟ್ಟಿಲನ್ನು ಪಾದದಿಂದ ತಡವಿ ಮೇಲೆ ಬಂದ, ತನ್ನ ಹಳೆಯ ಜಾಗದಲ್ಲಿ ಕೂತ. ಹಲಗೆ ನಿಟ್ಟುಸಿರು ಬಿಟ್ಟಿತು.

ಎಷ್ಟೋ ಹೊತ್ತಿನ ಮೇಲೆ ಅವ್ವ ಕೇಳಿದಳು, "ಗಾಡಿ ಯಾವಾಗ ಬಿಡ್ತೀರಿ?"

"ಅರ್ಧ ದಾರಿ ಬಂದೇವಿ ಯವ್ವಾ."

"ಸುಳ್ಳು ಹೇಳಬ್ಯಾಡ್ರಿ" ಅಂದು ಕುತ್ತಿಗೆ ಎತ್ತಿ ಹೊರಗೆ ನೋಡಿದಳು. ಆ ಬಯಲನ್ನು ಅವಳು ಮದುಮಗಳಾಗಿ ದಾಟಿದ್ದಳು, ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಜವಳಕ್ಕೆ ದಾಟಿದ್ದಳು. ಆಗ ನಡುಗುವ ಗಾಡಿಯಲ್ಲಿ ಅವಳಿಗೆ ಕಂಡದ್ದು ಕಂದು ಬಣ್ಣದ ಮಸುಕು. "ಕಲ್ಲಿಗೆ ಬಣ್ಣ ಅದಾವ" ಅಂದಳು. "ನೀಲಿ ಐತಿ. ಹಸರ ಐತಿ." ನಾನೂ ನೋಡಿದೆ. ಹೌದು, ಇದ್ದವು.

ಬಯಲಿನ ನಡುವೆ ದುರಗವ್ವನ ಕಲ್ಲಿದೆ. ಆನೆಗಾಡಿ ಓಡಿಸುತ್ತ ಬಂದವರೆಲ್ಲ ಅಲ್ಲಿ ನಿಲ್ಲಿಸಿ ಕೈಮುಗಿದು ಮುಂದೆ ಹೋಗುವುದು. ಲೋಟ ಇಟ್ಟ ದಿನದಂತೆ ಈ ಸಲವೂ ನಿಲ್ಲಿಸಬೇಡ ಎಂದು ಕಾಕಾನಿಗೆ ಮೊದಲೇ ಹೇಳಿದ್ದೆ. ಅಷ್ಟು ವರ್ಷ ಹಾಗೇ ಮಾಡಿದ ಫಕೀರಪ್ಪನ ಕಾಲು, ಅವನನ್ನು ಕೇಳದೆಯೇ, ಬ್ರೇಕಿನ ಮೇಲೆ ಹೋಯಿತು. ಗಾಡಿ ನಿಧಾನವಾಯಿತು. ಒಳಗೆ ಒಂದು ಗುಂಡು ಟಣ್ ಎಂದಿತು. ಕೂಗು ನನ್ನ ಹಲ್ಲಿನ ಹಿಂದೆ ಬಂದು ನಿಂತಿತು. ನಾಲಿಗೆ ಕಚ್ಚಿಕೊಂಡೆ. ಕಾಕಾನ ತೊಡೆಯನ್ನು ಹಿಡಿದು, ಅವನ ಕಿವಿಯಲ್ಲಿ, ನನ್ನ ಬಾಯಿಂದ ಹಿಂದೆಂದೂ ಹೊರಡದ ಧ್ವನಿಯಲ್ಲಿ, "ಕಾಕಾ, ಕಾಲು ತಗಿ" ಅಂದೆ. ಅವನು ತೆಗೆದ. ಆದರೆ ತಡವಾಗಿತ್ತು, ಗಾಲಿಗಳೊಳಗೆ ಗುಂಡುಗಳು ಉದುರತೊಡಗಿದ್ದವು.

ತಿರುಗಿ ನೋಡಿದರೆ ಎಡಹಿಂದಿನ ಜಾಗ ಖಾಲಿ.

ನಡುಕವನ್ನು ಹಲಗೆಗಿಂತ ಮೊದಲೇ ಬಲ್ಲ ಕುಟುಂಬದವನು ಅವನು. ಮೊದಲ ಗುಂಡು ಟಣ್ ಎನ್ನುವ ಮೊದಲೇ ಎದ್ದು, ಅವ್ವನನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಗೆ ಹೋಗಿ ಕೆಳಗಿಳಿದಿದ್ದ. ಆ ಕಲ್ಲುಗಳ ಮೇಲೆ, ಬರಿಗಾಲಲ್ಲಿ, ಮೆತ್ತನೆಯ ಮಣ್ಣಿನಲ್ಲಿ ನಡೆದ ಹಾಗೆಯೇ ನಡೆಯುತ್ತಿದ್ದ. ತಡವುವುದು, ಇಳಿಸುವುದು. ಅವನ ಮುಖದಲ್ಲಿ ಏನೂ ಇರಲಿಲ್ಲ. ಅವ್ವ ಅವನ ಭುಜದ ಮೇಲಿಂದ ಬಣ್ಣದ ಕಲ್ಲು ನೋಡುತ್ತಿದ್ದಳು. ಕಾಕಾ ಗಾಡಿಯನ್ನು ದೊಡ್ಡದಾಗಿ ಒಂದು ಸುತ್ತು ತಂದ. ಗುಂಡುಗಳು ಸುಮ್ಮನಾದವು. ಅಡಿವೆಪ್ಪನ ಪಕ್ಕ ಬಂದಾಗ ಅವನು ಮತ್ತೆ ಏರಿ ಕೂತ. ಮೆಟ್ಟಿಲ ಮೇಲೆ ಕೆಂಪು ಹೆಜ್ಜೆ ಮೂಡಿತು. ಅವನು ನನ್ನ ಕಡೆ ನೋಡಿ, ತಲೆ ಅಲ್ಲಾಡಿಸಿ, ಹೇಳಬೇಡ ಎಂದು ಸನ್ನೆ ಮಾಡಿದ.

ಊರ ಅಂಚಿನಲ್ಲಿ ಅವನು ಹಾಗೇ ಇಳಿದು ಅವ್ವನನ್ನು ಹೊತ್ತು ನಮ್ಮ ಓಣಿಗೆ ನಡೆದ. ಗಾಡಿ ನನ್ನನ್ನು ಹೊತ್ತುಕೊಂಡು ಮುಂದೆ ಹೋಗಿ, ಗಡಗಡ ನಡುಗಿ, ಅಡ್ಡೆಯಲ್ಲಿ ನಿಂತಿತು. ನನ್ನ ಕೈಗೆ ಹೊಸ ನಡುಕ ಬಂತು. ಬರಲಿ. ಓಡಿದೆ.

ಮನೆಯ ಮುಂದೆ ಮಂದಿ ನೆರೆದಿದ್ದರು. ಅಡಿವೆಪ್ಪ ಅವ್ವನನ್ನು ಕಟ್ಟೆಯ ಮೇಲೆ ಇಳಿಸಿ ತಾನು ಕೆಳಗೆ ಕೂತಿದ್ದ. ಅವ್ವ ಕನ್ನಡಕ ತೆಗೆದಿದ್ದಳು. ಬಣ್ಣವಿಲ್ಲದ ಬಾಗಿಲನ್ನೂ ನುಗ್ಗೆಗಿಡವನ್ನೂ ನೋಡುತ್ತಾಳೆ ಅಂತ ನಾನು ಅಂದುಕೊಂಡಿದ್ದೆ. ಅವಳು ನೆಲ ನೋಡುತ್ತಿದ್ದಳು. ಅಂಗಳದ ಉದ್ದಕ್ಕೂ ಬಂದಿದ್ದ ಕೆಂಪು ಹೆಜ್ಜೆಗಳನ್ನು, ಆಮೇಲೆ ಅವು ಬಂದು ಮುಟ್ಟಿದ ಪಾದಗಳನ್ನು.

"ಯಮನೂರಾ, ಸೂಜಿ ತಾ. ಬಿಸಿನೀರು ತಾ" ಅಂದಳು.

"ಅವ್ವಾ, ಆಸ್ಪತ್ರಿಗೆ…"

"ಸೂಜಿ ತಾ."

ತಂದುಕೊಟ್ಟೆ. ಸೂಜಿ ನನ್ನ ಕೈಯಲ್ಲಿ ಕುಣಿಯಿತು, ಅವಳ ಕೈಗೆ ಹೋಗಿ ನಿಂತಿತು. ಅಡಿವೆಪ್ಪನ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ತೊಳೆದು, ಬಗ್ಗಿ, ಕಲ್ಲಿನ ಚೂರುಗಳನ್ನು ಒಂದೊಂದಾಗಿ ಎತ್ತಿ ಪಕ್ಕದ ತಟ್ಟೆಗೆ ಹಾಕತೊಡಗಿದಳು. ನೀಲಿಯದು, ಹಸಿರಿನದು. ಮಂದಿ ಹತ್ತಿರ ಬಂದರು. ಸೂಜಿಯ ಮೊನೆ ಎಲ್ಲಿ ಹೋಗಬೇಕೋ ಅಲ್ಲಿಗೇ ಹೋಗುವುದನ್ನು ನಮ್ಮೂರಲ್ಲಿ ಯಾರೂ ನೋಡಿದವರಲ್ಲ. ಅಡಿವೆಪ್ಪನ ಬಾಯಿ ಸ್ವಲ್ಪ ತೆರೆದಿತ್ತು. ನೋವೋ ಬೆರಗೋ ಹೇಳಲಾಗದು.

ನಾನು ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತೆ. "ಬೆಣ್ಣಿ ಮಾತು ಅಂದಿದ್ನಲ್ಲ…" ಅಂದೆ.

"ಸುಮ್ನಿರು, ನಿಮ್ಮವ್ವನ ಕೈ ತಪ್ಪಸ್ತಿ" ಅಂದ.

ಗುಂಪಿನ ಹಿಂದಿನಿಂದ ಒಬ್ಬ ಮುದುಕಿ ಜಾಗ ಮಾಡಿಕೊಂಡು ಮುಂದೆ ಬಂದಳು. ನಡುಗುವ ಅಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಅವ್ವನ ಮುಂದೆ ಚಾಚಿದಳು. "ಸಾವಂತ್ರಿ, ನಂದೂ ಒಂದು ಐತಿ. ಜಾಲಿಮುಳ್ಳು. ನನ್ನ ಮಗಳ ಲಗ್ನಕ್ಕೂ ಮೊದಲಿಂದು. ತಗ್ಯಾಕ ಯಾರ ಕೈಲೂ ಆಗಿಲ್ಲ." ಅವಳ ಹಿಂದೆ ಹಮಾಲನೊಬ್ಬ ತನ್ನ ಹಿಮ್ಮಡಿ ಎತ್ತಿ ತೋರಿಸಿದ. ಅವನ ಹಿಂದೆ ಶಾಲೆಯ ಮಾಸ್ತರರು, ಬಲಗೈಯ ತೋರುಬೆರಳು ನೀಡಿಕೊಂಡು, ನನ್ನ ಮುಖ ನೋಡದೆ ನಿಂತಿದ್ದರು.

ಅವ್ವ ತಲೆ ಎತ್ತಲಿಲ್ಲ. "ಸಾಲಾಗಿ ಕುಂಡ್ರಿ" ಅಂದಳು. "ಮೊದಲ ಇವಂದು ಮುಗೀಲಿ. ಇನ್ನೂ ಒಂದು ಪಾದ ಐತಿ."